ಗಾಡಿಗೆ ಇಳಿಜಾರು, ಮನುಷ್ಯನಿಗೆ ಮೆಟ್ಟಿಲು!

ಹಾಸನದಿಂದ ಬೆಂಗಳೂರು ಹೆದ್ದಾರಿ ಹಿಡಿದು ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದ ಕಡೆಗೆ ಹೋಗುವವರಿಗೆ ರಾಗಿ ಹೊಲದ ಪಕ್ಕದಲ್ಲೇ ನಿವೇಶನದ ಬೋರ್ಡುಗಳು ಕಾಣುತ್ತವೆ. ಮೂವತ್ತು ನಲವತ್ತರ ಸೈಟು, ಬ್ಯಾಂಕಿನ ಸಾಲ, ವಾಸ್ತು ಪ್ರಕಾರ ಬಾಗಿಲು ಎಂದು ಆ ಬೋರ್ಡುಗಳು ಕೂಗುತ್ತವೆ. ಅಲ್ಲಿ ಎದ್ದ ಮನೆಗಳನ್ನು ನೋಡಿ. ಗೇಟಿನ ಬಳಿ ಸಿಮೆಂಟಿನ ಇಳಿಜಾರು ಒಂದಿದೆ. ಅದು ಸ್ಕೂಟರು ಹತ್ತಿಸಲು, ಕಾರು ಒಳಗೆ ಬಿಡಲು. ಅಲ್ಲಿಂದ ಮುಂದೆ ಮನೆ ಬಾಗಿಲಿಗೆ ಮೂರು ಮೆಟ್ಟಿಲು. ಅದು ಮನುಷ್ಯನಿಗೆ! ಗಾಡಿಯ ಚಕ್ರ ಸುಖವಾಗಿ ಹತ್ತಲೆಂದು ಯೋಚಿಸಿದ ಮಾಲೀಕರಿಗೆ, ಮೇಸ್ತ್ರಿಗೆ, ನಕ್ಷೆಗೆ ಮೊಹರು ಒತ್ತಿದ ಅಧಿಕಾರಿಗೆ, ಗಾಲಿಕುರ್ಚಿಯ ಚಕ್ರದ ನೆನಪು ಮಾತ್ರ ಬರಲಿಲ್ಲ.

ನಾಲ್ಕು ಜನ ನತದೃಷ್ಟರ ಪರವಾಗಿ ಕರುಣೆ ಬೇಡಲು ನಾವು ಇದನ್ನು ಬರೆಯುತ್ತಿಲ್ಲ. 2011 ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರನ್ನು ಎಣಿಸಿತು. 1995 ರ ಕಾಯಿದೆಯಲ್ಲಿ ಏಳೇ ಬಗೆಯ ವೈಕಲ್ಯವಿದ್ದದ್ದು 2016 ರ ಕಾಯಿದೆಯಲ್ಲಿ 21 ಆಗಿರುವುದರಿಂದ, ಇಂದು ಎಣಿಸಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಗಿರಣಿಯಲ್ಲಿ ಯಂತ್ರಕ್ಕೆ ಕಾಲು ಕೊಟ್ಟ ಕಾರ್ಮಿಕ, ಸಕ್ಕರೆ ಕಾಯಿಲೆಯಿಂದ ಪಾದ ಕಳೆದುಕೊಂಡ ಅಂಗಡಿಕಾರ, ಪಾರ್ಶ್ವವಾಯು ಬಡಿದ ಅವ್ವ ಇವರೆಲ್ಲ ನಮ್ಮ ಮನೆಯವರೇ. ಗಿರಣಿಯ ಕೆಲಸದಲ್ಲಿ ಕೈಕಾಲು ಹೋದರೆ ಶೇಕಡ ಇಷ್ಟು ನಷ್ಟ ಎಂದು ಲೆಕ್ಕ ಹಾಕಲು 2025 ರವರೆಗೆ 1923 ರ ನಷ್ಟ ಪರಿಹಾರ ಕಾಯಿದೆ ಇತ್ತು, 1948 ರ ಇಎಸ್‌ಐ ಕಾಯಿದೆ ಇತ್ತು. ಆದರೆ ಪರಿಹಾರದ ಹಣ ಹಿಡಿದು ಬಂದ ಕಾರ್ಮಿಕ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ನಿಂತಾಗ ಅವನ ನಷ್ಟವನ್ನು ಎಣಿಸುವವರು ಯಾರು?

ಹೆಸರು ಬದಲಾಯಿತು, ಹೊಸ್ತಿಲು ಬದಲಾಗಲಿಲ್ಲ

ನಮ್ಮನ್ನಾಳುವವರು ಹೆಸರಿಡುವುದರಲ್ಲಿ ಬಹಳ ಜಾಣರು. ಅಂಗವಿಕಲ ಎನ್ನಬಾರದು, ವಿಕಲಚೇತನ ಎನ್ನಬೇಕು ಎಂದರು. ಆಮೇಲೆ ವಿಶೇಷಚೇತನ ಎಂದರು. 2015 ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು ದಿವ್ಯಾಂಗ ಎಂದರು. ಅದೇ ತಿಂಗಳ 3 ರಂದು ಸುಗಮ್ಯ ಭಾರತ ಅಭಿಯಾನವೂ ಉದ್ಘಾಟನೆಯಾಯಿತು. ಹತ್ತು ವರ್ಷಗಳಲ್ಲಿ ಹೆಸರುಗಳು ಮೆಟ್ಟಿಲು ಹತ್ತಿ ಮೇಲೆ ಹೋದವು. ಮನುಷ್ಯ ಕೆಳಗೇ ಉಳಿದ.

ಕಾನೂನು ಇಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಅಂಗವಿಕಲರ ಹಕ್ಕುಗಳ ಕಾಯಿದೆ 2016 ರಲ್ಲಿ ಸಂಸತ್ತಿನಲ್ಲಿ ಪಾಸಾಗಿ 2017 ರ ಏಪ್ರಿಲ್ 19 ರಿಂದ ಜಾರಿಗೆ ಬಂತು. ಅದರ 44ನೇ ಕಲಮು ನೇರವಾಗಿದೆ: ಸುಗಮ ಪ್ರವೇಶದ ನಿಯಮಗಳಿಗೆ ಒಪ್ಪದ ನಕ್ಷೆಗೆ ಕಟ್ಟಡದ ಪರವಾನಗಿ ಕೊಡಕೂಡದು, ಕಟ್ಟಿದ ಮೇಲೂ ನಿಯಮ ಪಾಲಿಸದಿದ್ದರೆ ಮುಕ್ತಾಯ ಪತ್ರ ಕೊಡಕೂಡದು. 45ನೇ ಕಲಮು ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿಪಡಿಸಬೇಕೆಂದಿತು. ನಿಯಮಗಳು 2017 ರ ಜೂನ್‌ನಲ್ಲಿ ಪ್ರಕಟವಾದವು, ಐದು ವರ್ಷದ ಗಡುವು 2022 ರ ಜೂನ್‌ಗೆ ತೀರಿತು. 37ನೇ ಕಲಮಿನ ಪ್ರಕಾರ ಸರ್ಕಾರದ ವಸತಿ ಯೋಜನೆಗಳಲ್ಲಿ, ಕೃಷಿ ಭೂಮಿಯ ಹಂಚಿಕೆಯಲ್ಲಿ, ಶೇಕಡ 40 ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಶೇಕಡ 5 ಮೀಸಲು. ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ.

ಇಷ್ಟು ಗಟ್ಟಿ ಕಾನೂನು ಏಕೆ ನೆಲಕ್ಕಿಳಿಯಲಿಲ್ಲ? ಏಕೆಂದರೆ ಅದರ ಕಾಲನ್ನು ಸರ್ಕಾರವೇ ಮುರಿದಿತ್ತು. ಕಾಯಿದೆ ಹೇಳಿದ್ದು "ಮಾಡಲೇಬೇಕು" ಎಂದು. ಅದರ ಕೆಳಗೆ ದೆಹಲಿಯ ಅಧಿಕಾರಿಗಳು ಬರೆದ 15ನೇ ನಿಯಮ ಒಂದು ಕಂತೆ ಮಾರ್ಗಸೂಚಿಗಳನ್ನು ತೋರಿಸಿ ಕೈತೊಳೆದುಕೊಂಡಿತು. ಆ ಮಾರ್ಗಸೂಚಿಗಳೊಳಗೆ ತುಂಬಿದ್ದದ್ದು ಸಲಹೆ. ಸಲಹೆ ಕೇಳಿ ಲಾಭ ಬಿಟ್ಟ ಗುತ್ತಿಗೆದಾರನನ್ನು ಯಾರಾದರೂ ಕಂಡಿದ್ದೀರಾ?

ದೃಷ್ಟಿಹೀನರಾದ ರಾಜೀವ್ ರಟೂರಿ ಎಂಬುವರು 2005 ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿ, ರಸ್ತೆ, ಬಸ್ಸು, ಕಟ್ಟಡಗಳು ನಮಗೂ ಸಲ್ಲಬೇಕು ಎಂದು ಕೇಳಿದ್ದರು. 2017 ರ ಡಿಸೆಂಬರಿನಲ್ಲಿ ಕೋರ್ಟು ಸರ್ಕಾರಗಳಿಗೆ ಗಡುವು ಹಾಕಿ ಆದೇಶ ಕೊಟ್ಟಿತು. ಕೆಲಸವಾಗಲಿಲ್ಲ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದವರಿಂದ ವರದಿ ತರಿಸಿಕೊಂಡು, 2024 ರ ನವೆಂಬರ್ 8 ರಂದು ಕೋರ್ಟು ಆ 15ನೇ ನಿಯಮವೇ ಮೂಲ ಕಾಯಿದೆಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಮೂರು ತಿಂಗಳೊಳಗೆ ಕಡ್ಡಾಯ ನಿಯಮ ಬರೆಯಿರಿ, ಆ ನಿಯಮ ಬಂದ ಮೇಲೆ ಪಾಲಿಸದವರ ಮುಕ್ತಾಯ ಪತ್ರ ತಡೆಹಿಡಿಯಿರಿ, ದಂಡ ಹಾಕಿರಿ ಎಂದಿತು. ಮೂರು ತಿಂಗಳು 2025 ರ ಫೆಬ್ರವರಿಗೆ ಮುಗಿದವು. ರಟೂರಿಯವರು ಅರ್ಜಿ ಹಾಕಿದಾಗ ಹುಟ್ಟಿದ ಮಗು ಆ ಹೊತ್ತಿಗೆ ಓಟಿನ ಹಕ್ಕು ಪಡೆದಿತ್ತು! ದೆಹಲಿಯ ಗಡಿಯಾರವನ್ನು ನೋಡುತ್ತ ಕೂತರೆ ನಮ್ಮ ಆಯುಸ್ಸು ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

"ನನ್ನ ಮನೆ, ನನ್ನ ಇಷ್ಟ"

ಇನ್ನೊಂದು ಮೋಸವಿದೆ. 2016 ರ ಕಾಯಿದೆ ಹಿಡಿಯುವುದು ಮುಖ್ಯವಾಗಿ ಸರ್ಕಾರವನ್ನು, ಮತ್ತು ಕಂಪನಿ, ಸಹಕಾರ ಸಂಘ, ಟ್ರಸ್ಟು, ಕಾರ್ಖಾನೆಗಳಂಥ ಸಂಸ್ಥೆಗಳನ್ನು. ನಾಲ್ಕು ಬಾಡಿಗೆ ಮನೆ ಕಟ್ಟಿಸಿ ಅದರಲ್ಲೇ ಜೀವನ ಮಾಡುವ ಒಂಟಿ ಮಾಲೀಕ ಆ ಪಟ್ಟಿಯಲ್ಲಿ ಹೆಸರು ಹಿಡಿದು ಬರುವುದಿಲ್ಲ. ನಮ್ಮ ಕಾರ್ಮಿಕರು ಇರುವುದು ಕಂಪನಿಯ ಫ್ಲ್ಯಾಟುಗಳಲ್ಲಲ್ಲ. ಇಂಥ ವಠಾರಗಳಲ್ಲಿ, ಅಂಗಡಿಯ ಮೇಲಿನ ಕೋಣೆಗಳಲ್ಲಿ. ಕಾನೂನಿನ ಕೈ ಎಲ್ಲಿ ಬೇಕೋ ಅಲ್ಲಿಗೆ ಗಿಡ್ಡ!

ಮೇಲಾಗಿ ಬಾಡಿಗೆ ಮನೆ ಕೇಳಲು ಹೋದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಜನ ಇದ್ದೀರಿ?" ಎಂದಲ್ಲ, "ನಿಮ್ಮದು ಯಾವ ಜನ?" ಎಂದು. ಜಾತಿ ಒಪ್ಪಿಗೆಯಾಗದಿದ್ದರೆ "ಮನೆ ನಿನ್ನೆಯೇ ಕೊಟ್ಟುಬಿಟ್ಟೆವು" ಎಂಬ ಉತ್ತರ. ಮುಸಲ್ಮಾನನಿಗೂ ಅದೇ ಉತ್ತರ, ದಲಿತನಿಗೂ ಅದೇ ಉತ್ತರ. ಊರುಗೋಲು ಹಿಡಿದವನಿಗೆ ಮಾತ್ರ ಸ್ವಲ್ಪ ಮರ್ಯಾದೆಯ ಉತ್ತರ: "ನಿಮಗೇ ಕಷ್ಟ ಆಗುತ್ತೆ, ಮೆಟ್ಟಿಲು ಜಾಸ್ತಿ ಇವೆ." ಮಾತು ಸಿಹಿಯಾದರೂ ಬಾಗಿಲು ಮುಚ್ಚಿದ್ದು ಒಂದೇ. ಜಾತಿಯ ಬಾಗಿಲನ್ನು ಮಾಲೀಕ ಬಾಯಿಂದ ಮುಚ್ಚುತ್ತಾನೆ. ವೈಕಲ್ಯದ ಬಾಗಿಲನ್ನು ಮೇಸ್ತ್ರಿ ಇಟ್ಟಿಗೆಯಿಂದ ಮೊದಲೇ ಮುಚ್ಚಿರುತ್ತಾನೆ.

ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದನ್ನು, ಕೊಳ್ಳುವುದನ್ನು, ವಾಸ ಮಾಡುವುದನ್ನು ತಡೆದರೆ ಅಪರಾಧ ಎಂದು ಹೇಳುವ ಕಾಯಿದೆ 1955 ರಿಂದ ಇದೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬುದು ಅದರ ಈಗಿನ ಹೆಸರು. ಒಂದು ತಿಂಗಳಿಂದ ಆರು ತಿಂಗಳವರೆಗೆ ಸಜೆ, ಜೊತೆಗೆ ದಂಡ. ಈ ಕಲಮನ್ನು ಬಾಡಿಗೆ ಮನೆಯ ಬಾಗಿಲವರೆಗೆ ತಂದು ಉಪಯೋಗಿಸಿದ ಪೊಲೀಸ್ ಠಾಣೆ ಯಾವುದು ಎಂದು ನಾವು ಕೇಳಬಯಸುತ್ತೇವೆ. ಧರ್ಮದ ಕಾರಣಕ್ಕೆ, ವೈಕಲ್ಯದ ಕಾರಣಕ್ಕೆ ಮನೆ ನಿರಾಕರಿಸಿದ ಖಾಸಗಿ ಮಾಲೀಕನನ್ನು ಹಿಡಿಯಲು ಅಷ್ಟೂ ಇಲ್ಲ. ಕರ್ನಾಟಕದ 1999 ರ ಬಾಡಿಗೆ ಕಾಯಿದೆ ಬಾಡಿಗೆಯ ಮಾತಾಡುತ್ತದೆ, ತೆರವಿನ ಮಾತಾಡುತ್ತದೆ. ಒಳಗೇ ಬಿಡದವನ ಮಾತಾಡುವುದಿಲ್ಲ. 2016 ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ಜನ ರೇರಾ ಎಂದು ಕರೆಯುವುದು, ಹಣ ಕೊಟ್ಟ ಗ್ರಾಹಕನನ್ನು ಬಿಲ್ಡರನ ಮೋಸದಿಂದ ಕಾಪಾಡಲು ಬಂದದ್ದು. ಯಾರಿಗೆ ಮಾರಬೇಕು, ಯಾರಿಗೆ ಇಲ್ಲವೆನ್ನಬಾರದು ಎಂಬ ಪ್ರಶ್ನೆಗೆ ಅದೂ ಬಾಯಿ ಬಿಡುವುದಿಲ್ಲ. 2005 ರಲ್ಲಿ ಗುಜರಾತಿನ ಒಂದು ಪಾರ್ಸಿ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ, ಸಂಘ ತನ್ನ ಧರ್ಮದವರನ್ನೇ ಸದಸ್ಯರಾಗಿ ಇಟ್ಟುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು ಒಪ್ಪಿತು. ಹೀಗೆ ಬೇಲಿ ಹಾಕಿಕೊಳ್ಳುವ ಹಕ್ಕಿಗೆ ಕಾವಲಿದೆ. ಬೇಲಿಯ ಹೊರಗೆ ನಿಂತವನಿಗೆ ಇಲ್ಲ.

"ಮನೆ ನನ್ನದು, ಯಾರಿಗಾದರೂ ಕೊಡುತ್ತೇನೆ, ನೀವ್ಯಾರು ಕೇಳಲಿಕ್ಕೆ?" ಎಂದು ಮಾಲೀಕರು ಕೇಳಬಹುದು. ಸ್ವಾಮಿ, ಇದು ರಷ್ಯಾದ ಮಾತಲ್ಲ. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೇ 1968 ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದ ಒಂದೇ ವಾರಕ್ಕೆ, ನ್ಯಾಯಯುತ ವಸತಿ ಕಾಯಿದೆಗೆ ಸಹಿ ಬಿತ್ತು. ಬಣ್ಣ, ಧರ್ಮ ಹೇಳಿ ಮನೆ ಇಲ್ಲವೆನ್ನುವಂತಿಲ್ಲ ಎಂದಾಯಿತು. 1988 ರಲ್ಲಿ ಅದಕ್ಕೆ ಅಂಗವಿಕಲರನ್ನೂ ಸೇರಿಸಿದರು. ನಾಲ್ಕು ಅಥವಾ ಹೆಚ್ಚು ಮನೆಗಳಿರುವ, 1991 ರ ಮಾರ್ಚ್ ನಂತರ ವಾಸಕ್ಕೆ ತೆರೆದ ಕಟ್ಟಡಗಳಲ್ಲಿ ಗಾಲಿಕುರ್ಚಿ ಹೋಗುವ ಬಾಗಿಲು, ದಾರಿ ಇರಲೇಬೇಕು ಎಂದರು. ಬಾಡಿಗೆದಾರ ತನ್ನ ಖರ್ಚಿನಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಿಕೊಳ್ಳುತ್ತೇನೆಂದರೆ ಮಾಲೀಕ ಬೇಡವೆನ್ನುವಂತಿಲ್ಲ. ತಾನೇ ವಾಸವಿದ್ದು ಒಂದೆರಡು ಭಾಗ ಬಾಡಿಗೆಗೆ ಕೊಟ್ಟಿರುವ ಚಿಕ್ಕ ಮಾಲೀಕನಿಗೆ ಅಲ್ಲೂ ಸಾಕಷ್ಟು ವಿನಾಯಿತಿ ಇದೆ. ಆ ದೇಶದಲ್ಲಿ ಅನ್ಯಾಯ ತೀರಿಹೋಯಿತೆಂದು ನಾವು ಹೇಳುವುದಿಲ್ಲ. ಆದರೆ ಆಸ್ತಿಯ ಹಕ್ಕನ್ನು ದೇವರಂತೆ ಪೂಜಿಸುವ ನಾಡಿನಲ್ಲೇ ಹಾಕಿದ ಕಡಿವಾಣವನ್ನು, ಸಂವಿಧಾನದ ಪೀಠಿಕೆಯಲ್ಲಿ ಸಮಾಜವಾದಿ ಎಂದು ಬರೆದುಕೊಂಡ ನಾಡು ಹಾಕಲಾರದೇ?

ಖರ್ಚಿನ ಪುರಾಣ

"ಇದಕ್ಕೆಲ್ಲ ಖರ್ಚು ಬಹಳ" ಎಂಬುದು ಎರಡನೆಯ ರಾಗ. ಲೆಕ್ಕ ಹಾಕೋಣ. ಗಾಲಿಕುರ್ಚಿ ತಾನಾಗಿ ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಒಂದೂವರೆ ಅಡಿ ಪಾಯಕ್ಕೆ 18 ಅಡಿ. ಮೂವತ್ತು ನಲವತ್ತರ ಸೈಟಿನ ಮುಂಭಾಗದಲ್ಲಿ ಇದು ನೆಟ್ಟಗೆ ಹಿಡಿಸುವುದಿಲ್ಲ, ನಿಜ. ಪಕ್ಕದ ಖಾಲಿ ಜಾಗದ ಉದ್ದಕ್ಕೆ ಹಾಕಿದರೆ ಹಿಡಿಸುತ್ತದೆ. ಅದಕ್ಕೆ ಪಾಯ ತೆಗೆಯುವ ಮೊದಲೇ ನಕ್ಷೆಯಲ್ಲಿ ಗೆರೆ ಎಳೆದಿರಬೇಕು. ಕಟ್ಟಿದ ಮೇಲೆ ಒಡೆಯುವುದಕ್ಕೆ ಖರ್ಚು. ಕಟ್ಟುವಾಗಲೇ ಯೋಚಿಸುವುದಕ್ಕೆ ಅಲ್ಲ. ಬಾಗಿಲು 900 ಮಿಲಿಮೀಟರು, ಅಂದರೆ ಮೂರು ಅಡಿ ಅಗಲ ಇರಬೇಕು. ತಲೆಬಾಗಿಲನ್ನು ಮೂರೂವರೆ ಅಡಿ ಇಟ್ಟು ಬಚ್ಚಲ ಬಾಗಿಲನ್ನು ಎರಡೂವರೆ ಅಡಿಗೆ ಹಿಂಡುವವರು ನಾವೇ. ಆ ಅರ್ಧ ಅಡಿ ಮರ ಹೆಚ್ಚಾದರೆ ಮನೆ ಮುಳುಗುತ್ತದೆಯೇ? ವಾಸ್ತು ದೋಷವೆಂದು ಜೋಯಿಸರು ಹೇಳಿದರೆ ಕಟ್ಟಿದ ಗೋಡೆಯನ್ನೇ ಒಡೆಸುವ ಮಹಾಶಯರು, ಕಾಲಿಲ್ಲದವನಿಗಾಗಿ ಬಾಗಿಲು ಅರ್ಧ ಅಡಿ ಅಗಲ ಮಾಡಿ ಎಂದಾಗ ಮಾತ್ರ ಬಡವರಾಗುತ್ತಾರೆ!

"ವಿಧಿ, ಏನು ಮಾಡುವುದು" ಎನ್ನುವವರೂ ಇದ್ದಾರೆ. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿ ಮೇಲೆ ಒಯ್ಯುತ್ತಾರೆ. ಬೆಟ್ಟವನ್ನು ಪ್ರಕೃತಿ ಎತ್ತರ ಮಾಡಿತು, ಅದಕ್ಕೆ ಮನುಷ್ಯ ಉಪಾಯ ಕಂಡುಕೊಂಡ. ಪಂಚಾಯಿತಿ ಕಚೇರಿಯ ಮುಂದಿನ ಮೆಟ್ಟಿಲನ್ನು ಪ್ರಕೃತಿ ಕಟ್ಟಲಿಲ್ಲ. ಅದಕ್ಕೆ ಟೆಂಡರು ಆಗಿದೆ, ಬಿಲ್ಲು ಪಾಸಾಗಿದೆ. ಟೆಂಡರು ಕರೆದು ಕಟ್ಟಿಸಿದ್ದನ್ನು ವಿಧಿಯೆಂದು ಹೇಗೆ ಒಪ್ಪೋಣ?

ಶಾಂತಿಗ್ರಾಮದ ಟೋಲ್‌ಗೇಟನ್ನೇ ನೋಡಿ. ಅಂಗವಿಕಲರ ಉಪಯೋಗಕ್ಕೆಂದೇ ಮಾಡಿದ ವಾಹನಕ್ಕೆ ರಾಷ್ಟ್ರೀಯ ಹೆದ್ದಾರಿಯ ನಿಯಮದಲ್ಲಿ ಸುಂಕದ ವಿನಾಯಿತಿ ಇದೆ. ಒಳ್ಳೆಯದು. ಗೇಟು ದಾಟಿ ಬಿಡುತ್ತಾರೆ. ಆಮೇಲೆ ಆತ ಹೋಗಬೇಕಾದ್ದು ಎಲ್ಲಿಗೆ? ರಸ್ತೆಯಲ್ಲಿ ಓಡಾಡಲು ಹಕ್ಕಿದೆ, ರಸ್ತೆ ಬದಿಯ ಮನೆಯಲ್ಲಿ ಇರಲು ಇಲ್ಲ!

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು

ನಮ್ಮ ಓದುಗರಲ್ಲಿ ಅಂಗಡಿ ಇಟ್ಟವರು ಅನೇಕರು. "ಈ ಕಾನೂನಿನ ನೋಟೀಸು ಮೊದಲು ನಮ್ಮ ತಲೆಗೇ ಬರುತ್ತದೆ" ಎಂಬ ಅವರ ಭಯ ಸುಳ್ಳಲ್ಲ. ಸಾರ್ವಜನಿಕರು ಬಂದು ಹೋಗುವ ಖಾಸಗಿ ಕಟ್ಟಡವನ್ನೂ, ವ್ಯಾಪಾರದ ಜಾಗವನ್ನೂ ಕಾಯಿದೆ ಸಾರ್ವಜನಿಕ ಕಟ್ಟಡವೆಂದೇ ಎಣಿಸುತ್ತದೆ. ಮೊದಲ ತಪ್ಪಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ. ಮತ್ತೆ ತಪ್ಪಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ. ಮಾಲಿನ ಒಡೆಯನಿಗೂ ಹತ್ತು ಸಾವಿರ, ಕಿರಾಣಿ ಅಂಗಡಿಗೂ ಹತ್ತು ಸಾವಿರ. ಒಬ್ಬನಿಗೆ ಅದು ಒಂದು ಹೊತ್ತಿನ ಊಟದ ಬಿಲ್ಲು, ಇನ್ನೊಬ್ಬನಿಗೆ ಒಂದು ತಿಂಗಳ ಅನ್ನ. ದಂಡ ಕಟ್ಟಡದ ಗಾತ್ರಕ್ಕೆ, ವಹಿವಾಟಿಗೆ ತಕ್ಕಂತೆ ಇರಬೇಕೆಂದು ನಾವು ಒತ್ತಾಯಿಸುತ್ತೇವೆ.

ಆದರೆ ವ್ಯಾಪಾರಿ ಮಿತ್ರರು ಇನ್ನೊಂದನ್ನೂ ಯೋಚಿಸಬೇಕು. ಚರಂಡಿಯ ಮೇಲೆ ಚಪ್ಪಡಿ, ಅದರ ಮೇಲೆ ಎರಡು ಮೆಟ್ಟಿಲು, ಅದರ ಮೇಲೆ ಅಂಗಡಿ. ಈ ಮೆಟ್ಟಿಲನ್ನು ಹತ್ತದೆ ಹಿಂದಿರುಗುವವರು ಅಂಗವಿಕಲರಷ್ಟೇ ಅಲ್ಲ. ಮಂಡಿ ನೋವಿನ ಅಜ್ಜಿ, ಬಸುರಿ, ಮೂಟೆ ಹೊತ್ತ ಹಮಾಲಿ. ಚರಂಡಿಯನ್ನು ರಸ್ತೆಗಿಂತ ಎತ್ತರಿಸಿ ಕಟ್ಟಿದ್ದು ಅಂಗಡಿಕಾರನಲ್ಲ, ಪಂಚಾಯಿತಿ, ಪುರಸಭೆ, ಲೋಕೋಪಯೋಗಿ ಇಲಾಖೆ. ಅಂಥ ಕಡೆ ಇಳಿಜಾರು ಹಾಕಿಸಿಕೊಡುವ ಹೊಣೆಯೂ ಅವರದೇ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಶೇಕಡ 5 ಹಣ ತೆಗೆದಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ವರ್ಷಕ್ಕೊಮ್ಮೆ ಸಭೆ ಮಾಡಿ ಹಾರ ಹಾಕಿ, ಮೂರು ಚಕ್ರದ ಗಾಡಿ ಕೊಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಷ್ಟೇ ಅಲ್ಲ ಆ ಹಣ ಇರುವುದು. ಗಾಡಿ ಕೊಟ್ಟವರು ಅದು ಹೋಗುವ ದಾರಿಯನ್ನೂ ಕೊಡಬೇಕು.

ನಮ್ಮ ಬೇಡಿಕೆಗಳು

ಆದುದರಿಂದ ಶಾಂತಿಗ್ರಾಮ ಹೋಬಳಿಯಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರೆಗೆ ಪ್ರತಿಯೊಂದು ಪಂಚಾಯಿತಿ, ಪುರಸಭೆಯ ಮುಂದೆ ನಾವು ಈ ಕೆಳಗಿನ ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಹೊಸ ಬಡಾವಣೆಗೆ, ಬಾಡಿಗೆಗೆಂದು ಕಟ್ಟುವ ಮನೆಗಳ ಸಾಲಿಗೆ, ಮಳಿಗೆಗೆ ಪರವಾನಗಿ ಕೊಡುವಾಗ ಪ್ರವೇಶದ ಇಳಿಜಾರು, ಬಾಗಿಲಿನ ಅಗಲ, ನೆಲಮಟ್ಟದ ಒಂದು ಕಕ್ಕಸು ನಕ್ಷೆಯಲ್ಲಿ ಇವೆಯೇ ಎಂದು ನೋಡಿ ಬರೆದಿಡಬೇಕು. ಇಲ್ಲದ ನಕ್ಷೆ ಹಿಂದಕ್ಕೆ ಹೋಗಬೇಕು. ದೆಹಲಿಯ ನಿಯಮ ಬರಲಿ ಎಂದು ಕಾಯುವ ಅಗತ್ಯವಿಲ್ಲ. ಪಂಚಾಯಿತಿ ಠರಾವು ಮಾಡಿದರೆ ತಡೆಯುವವರು ಯಾರೂ ಇಲ್ಲ.

ಎರಡು: ವಸತಿ ಯೋಜನೆಗಳ ಶೇಕಡ 5 ರ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಎಷ್ಟು ಮನೆ ಬಂತು, ಅದರಲ್ಲಿ ಅಂಗವಿಕಲರಿಗೆ ಎಷ್ಟು ಹೋಯಿತು ಎಂಬ ಲೆಕ್ಕ ಗೋಡೆಯ ಮೇಲೆ ಬರೆಯಬೇಕು. ಅವರಿಗೆ ಕೊಡುವ ಮನೆಯ ಮುಂದೆ ಮತ್ತೆ ಮೂರು ಮೆಟ್ಟಿಲು ಕಟ್ಟುವ ಅಪಹಾಸ್ಯ ನಿಲ್ಲಬೇಕು. ಮಹಡಿ ಮನೆಗಳಿರುವಲ್ಲಿ ನೆಲಮಾಳಿಗೆಯ ಮನೆ ಅವರಿಗೇ ಮೊದಲು ಸಲ್ಲಬೇಕು.

ಮೂರು: ಗ್ರಾಮಸಭೆ ಸೇರುವ ಜಾಗವೇ ಮೆಟ್ಟಿಲ ಮೇಲಿದ್ದರೆ, ಹಕ್ಕು ಕೇಳುವವನು ಬರುವುದು ಹೇಗೆ? ಪಂಚಾಯಿತಿ, ನಾಡಕಚೇರಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿಗಳಿಗೆ ಮೊದಲು ಇಳಿಜಾರಾಗಬೇಕು. ಅದು ಸ್ಕೂಟರು ಹತ್ತಿಸುವ ಕಡಿದಾದ ಇಳಿಜಾರಲ್ಲ, ಅಡಿಗೆ 12 ಅಡಿಯ ಲೆಕ್ಕದ ಇಳಿಜಾರು.

ನಾಲ್ಕು: ಜಾತಿ, ಧರ್ಮ, ವೈಕಲ್ಯ ಇವುಗಳಲ್ಲಿ ಯಾವುದರ ಕಾರಣಕ್ಕೂ ಮನೆ ಮಾರಾಟವನ್ನಾಗಲಿ ಬಾಡಿಗೆಯನ್ನಾಗಲಿ ನಿರಾಕರಿಸಕೂಡದು ಎಂಬ ನ್ಯಾಯಯುತ ವಸತಿ ಕಾಯಿದೆಯನ್ನು ರಾಜ್ಯ ವಿಧಾನಮಂಡಲ ಮಾಡಬೇಕು. ನಮ್ಮ ಜಿಲ್ಲೆಯ ಶಾಸಕರು, ಯಾವ ಪಕ್ಷದವರೇ ಆಗಲಿ, ಸದನದಲ್ಲಿ ಎದ್ದು ನಿಂತು ಇದನ್ನು ಕೇಳಬೇಕು.

ಸಂಗಾತಿಗಳೇ, ಉಳುವವನಿಗೆ ನೆಲ ಬೇಕೆಂದು ಕೇಳಿದಾಗ ಈ ನಾಡಿನ ಒಡೆಯರು "ನಮ್ಮ ಜಮೀನು, ನಮ್ಮ ಇಷ್ಟ" ಎಂದೇ ಹೇಳಿದ್ದರು. 1974 ರ ತಿದ್ದುಪಡಿಯಾದ ಮೇಲೆ ಕಾನೂನು ಬೇರೆ ಮಾತು ಹೇಳಿತು. ಆ ಕಾನೂನು ಮೇಲಿನಿಂದ ಉದುರಲಿಲ್ಲ; ಗೇಣಿದಾರರು ಒಟ್ಟಾಗಿ ಕೇಳಿದ್ದರಿಂದ ಬಂತು. ಮನೆಯ ಬಾಗಿಲೂ ಹಾಗೆಯೇ ತೆರೆಯಬೇಕು. ಅಂಗವಿಕಲರು ಒಬ್ಬೊಬ್ಬರೇ ಹೋಗಿ ಬೇಡಿದರೆ ಕನಿಕರ ಸಿಕ್ಕೀತು. ಗಿರಣಿಯ ಸಂಘ, ವರ್ತಕರ ಸಂಘ, ಹಮಾಲರ ಸಂಘ ಅವರ ಜೊತೆ ನಿಂತರೆ ಹಕ್ಕು ಸಿಗುತ್ತದೆ. ಬರುವ ಗ್ರಾಮಸಭೆಗೆ ನಿಮ್ಮ ಕೇರಿಯ ಅಂಗವಿಕಲರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ. ಮೆಟ್ಟಿಲಿದ್ದರೆ ಎತ್ತಿಕೊಂಡು ಒಳಗೆ ಹೋಗಬೇಡಿ. ಸಭೆಯೇ ಹೊರಗೆ ಇಳಿದು ಬರಲಿ ಎಂದು ಹೇಳಿ. ಅಂಗಳದಲ್ಲೇ ಸಭೆ ನಡೆಯಲಿ, ಅಂಗಳದಲ್ಲೇ ಠರಾವಾಗಲಿ.